ರಿಂಗ್ ಬಿಟ್ಟಿತು, ಬಿಡಿಸಿದವರು ಯಾರು? ಹುಳುವಿನ ರಸ ಮತ್ತು ರಕ್ತನಾಳದ ಪ್ರಯೋಗಕ್ಕೊಂದು ದೋಷ ನಿವಾರಣೆ ಕೈಪಿಡಿ

ಮೂರು ವಾರ ನಮ್ಮ ಪ್ರಯೋಗಶಾಲೆಯಲ್ಲಿ ಹಬ್ಬವೇ ಹಬ್ಬ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ಪರದೆಯ ಮೇಲೆ ನಾಳದ ಬಿಗಿತ ತೋರಿಸುವ, ನಾವು ಬಯಸಿದ ಹಾಗೇ ಇಳಿಯುವ ಗೆರೆ. ಕುರಿಯ ಕರುಳಿಗೆ ರಕ್ತ ಒಯ್ಯುವ ಅಪಧಮನಿಯಿಂದ 3 ಮಿಲಿಮೀಟರಿನ ರಿಂಗ್ ಕತ್ತರಿಸಿ ಆರ್ಗನ್ ಬಾತ್‌ನಲ್ಲಿ, ಅಂದರೆ ಅಂಗಾಂಶವನ್ನು ಜೀವಂತ ಇಡುವ ಬೆಚ್ಚಗಿನ ದ್ರವದ ಪಾತ್ರೆಯಲ್ಲಿ, ತೂಗುಹಾಕುತ್ತಿದ್ದೆವು. ನಾಳ ಸಂಕುಚಿಸುವ ಔಷಧ ಫಿನೈಲೆಫ್ರಿನ್ ಕೊಟ್ಟರೆ ರಿಂಗ್ ಹಿಡಿಯುತ್ತಿತ್ತು. ಅದರ ಮೇಲೆ 100 ಮೈಕ್ರೋಲೀಟರ್ ಪರಾವಲಂಬಿ ಹುಳುವಿನ ರಸ ಬಿಟ್ಟರೆ ಎರಡೇ ನಿಮಿಷದಲ್ಲಿ ಗೆರೆ ತಳ ಕಾಣುತ್ತಿತ್ತು.

"ಸರ್, ರಸಾ ಹಾಕೂದಷ್ಟ ತಡಾ, ಬಿಟ್ಟೇ ಬಿಡ್ತು ನೋಡ್ರಿ!" ಎಂದು ನಮ್ಮ ವಿದ್ಯಾರ್ಥಿನಿ ದಿನಾ ಕುಣಿಯುತ್ತಿದ್ದಳು. ನಾನೂ ಒಳಗೊಳಗೇ ಪ್ರಬಂಧದ ಶೀರ್ಷಿಕೆ ಹೊಂದಿಸುತ್ತಿದ್ದೆ.

ಒಂದು ಶನಿವಾರ ಅವಳು ಊರಿಗೆ ಹೋಗಿದ್ದಳು. ಹಳೆಯ ಬಾಟಲಿ ಮುಗಿದಿತ್ತು. ನಾನೇ ಹೊಸದಾಗಿ ಹುಳು ಅರೆದು, ಸೋಸಿ, ಹಾಕಿದೆ. ರಿಂಗ್ ಅಲುಗಲಿಲ್ಲ. ಎರಡರಷ್ಟು ಹಾಕಿದೆ. ಕಲ್ಲು. ಸೋಮವಾರ ಅವಳನ್ನು ಕೂರಿಸಿಕೊಂಡು ಬಾಟಲಿಯ ಜಾತಕ ಕೇಳಿದಾಗ ತಿಳಿಯಿತು: ಫ್ರಿಜ್‌ನಲ್ಲಿ ಕೆಡಬಾರದೆಂದು ಅವಳು ರಸಕ್ಕೆ ಶೇ. 0.02 ಸೋಡಿಯಂ ಅಜೈಡ್ ಬೆರೆಸಿದ್ದಳು. ಪ್ರೋಟೀನ್ ಕೆಲಸ ಮಾಡುವವರೆಲ್ಲ ಮಾಡುವುದೇ ಅದು. ಅವಳ ತಪ್ಪಲ್ಲ, ನಾನು ಹೇಳಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಶೇ. 0.02 ಎಂದರೆ 100 ಮಿಲೀಗೆ 20 ಮಿಲಿಗ್ರಾಂ, ಅಂದರೆ ಸುಮಾರು 3 ಮಿಲಿಮೋಲಾರ್. ಅದರ 100 ಮೈಕ್ರೋಲೀಟರನ್ನು 10 ಮಿಲೀ ಬಾತ್‌ಗೆ ಹಾಕಿದರೆ 30 ಮೈಕ್ರೋಮೋಲಾರ್. ನಾಳ ಸಡಿಲಿಸಲು ಅಷ್ಟು ಧಾರಾಳವಾಗಿ ಸಾಕು. ನಾಳವನ್ನು ಸಡಿಲಗೊಳಿಸುವ ಗ್ವಾನಿಲೇಟ್ ಸೈಕ್ಲೇಸ್ ಕಿಣ್ವವನ್ನು ಅಜೈಡ್ ಎಬ್ಬಿಸುತ್ತದೆಂದು 1970ರ ದಶಕದಲ್ಲೇ ಫೆರಿದ್ ಮುರಾದ್ ತಂಡ ತೋರಿಸಿತ್ತು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ನಾಳ ಸಡಿಲಿಸುವ ಕಥೆಗೆ 1998ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ನಾವು ಮೂರು ವಾರ ಕುರಿ ಕೊಯ್ಯಿಸಿ ಕಂಡುಹಿಡಿದದ್ದು ಹುಳುವಿನ ಗುಟ್ಟನ್ನಲ್ಲ, ಅಜೈಡಿನ ಹಳೆಯ ಸುದ್ದಿಯನ್ನು.

ಆಮೇಲೆ ನಾನು ಒಂದು ನೋಟ್‌ಬುಕ್ ತೆರೆದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಫಾರ್ಮಸಿ, ಪಶುವೈದ್ಯ, ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಇದೇ ಬಗೆಯ ಪ್ರಯೋಗಕ್ಕೆ ಇಳಿಯುವವರಿಗೆ ಅದರ ಪುಟಗಳನ್ನು ಇಲ್ಲಿ ಇಟ್ಟಿದ್ದೇನೆ. ನಮ್ಮಲ್ಲಿ ಬಳಕೆಯಾಗುವ ಮಾತನ್ನೇ ಬಳಸುತ್ತೇನೆ: ನಾಳ ಸಂಕುಚಿಸಿದರೆ "ಹಿಡಿಯಿತು", ಸಡಿಲವಾದರೆ "ಬಿಟ್ಟಿತು". ರಸದಲ್ಲಿ ಎರಡು ಬಗೆ: ಹುಳುವನ್ನೇ ಅರೆದು ತೆಗೆದದ್ದು "ಅರೆದದ್ದು"; ಜೀವಂತ ಹುಳುವನ್ನು ಪೋಷಕ ದ್ರವದಲ್ಲಿಟ್ಟು ಅದು ಹೊರಹಾಕಿದ್ದನ್ನು ಹಿಡಿದದ್ದು "ಉಗುಳಿದ್ದು".

ಸುಳ್ಳು ನಂಬಿಕೆಗೆ ಕಾರಣವಿದೆ

ಹುಳುವಿನ ರಸ ನಾಳವನ್ನು ಮುಟ್ಟುತ್ತದೆ ಎಂಬುದು ಸುಳ್ಳಲ್ಲ. ಅದಕ್ಕೇ ನಾವು ಇಷ್ಟು ಬೇಗ ಮೋಸ ಹೋಗುವುದು. ಕಲಬುರಗಿ, ರಾಯಚೂರು ಕಡೆ ಕಾಣುವ ಆನೆಕಾಲು ರೋಗದ ಹುಳು ವುಚೆರೇರಿಯಾ ಬ್ಯಾಂಕ್ರಾಫ್ಟಿ ದುಗ್ಧನಾಳದಲ್ಲಿ ಕೂತಾಗ ನಾಳ ಹಿಗ್ಗುತ್ತದೆ. ಹುಳು ಬೂಚಿನಂತೆ ಅಡ್ಡ ಕೂತದ್ದರಿಂದ ಹಾಗಾಗುತ್ತದೆ ಎಂದು ಬಹುಕಾಲ ತಿಳಿದಿದ್ದರು. ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಹುಳು ಹಿಗ್ಗಿದ ನಾಳದೊಳಗೆ ಆರಾಮಾಗಿ ಕುಣಿಯುತ್ತಿರುತ್ತದೆ, ಅಡ್ಡಿ ಏನೂ ಇರುವುದಿಲ್ಲ. ಅದೇ ರೋಗದ ಇನ್ನೊಂದು ಹುಳು ಬ್ರೂಜಿಯಾ ಮಲಾಯಿಯ ಮರಿಹುಳುಗಳು ಪ್ರೋಸ್ಟಾಸೈಕ್ಲಿನ್, ಪ್ರೋಸ್ಟಾಗ್ಲಾಂಡಿನ್ ಇ2 ಎಂಬ ನಾಳ ಸಡಿಲಿಸುವ ವಸ್ತುಗಳನ್ನು ತಾವೇ ಬಿಡುತ್ತವೆ.

ನನಗೆ ಹೆಚ್ಚು ನಿದ್ದೆಗೆಡಿಸಿದ್ದು ನಾಯಿಯ ಹೃದಯಹುಳು. ಡೈರೋಫೈಲೇರಿಯಾ ಇಮ್ಮಿಟಿಸ್ ಇರುವುದು ಶ್ವಾಸಕೋಶದ ಅಪಧಮನಿಯಲ್ಲಿ, ಹೃದಯದ ಬಲಭಾಗದಲ್ಲಿ. ಆದರೆ 1990ರ ಆಸುಪಾಸಿನಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲಾನಾ ಕೈಸರ್ ಮತ್ತು ಸಂಗಡಿಗರು ಹುಳುವಿದ್ದ ನಾಯಿಗಳ ತೊಡೆಯ ಅಪಧಮನಿ ನೋಡಿದರು. ಹುಳು ಅಲ್ಲಿ ಇಲ್ಲವೇ ಇಲ್ಲ. ಆದರೂ ನಾಳದ ಒಳಪದರ ಮಾಡಬೇಕಾದ ಸಡಿಲಿಸುವ ಕೆಲಸ ಅಲ್ಲಿ ಕುಗ್ಗಿತ್ತು. ಹುಳುವಿನ ಉಗುಳನ್ನು ಆರೋಗ್ಯವಂತ ನಾಳಕ್ಕೆ ಹಾಕಿದರೂ ಅದೇ ಆಯಿತು. ಹುಳು ಕೂತದ್ದು ಒಂದು ಕಡೆ, ನಾಳ ಕೆಟ್ಟದ್ದು ಇನ್ನೊಂದು ಕಡೆ. ಈ ಮಾತು ನೆನಪಿರಲಿ. ಕೊನೆಯಲ್ಲಿ ಇದೇ ನಮ್ಮನ್ನು ಕಚ್ಚಿತು.

ಮೊದಲು ರಿಂಗನ್ನು ವಿಚಾರಿಸಿ

ಇದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಮುಗಿಸುತ್ತೇನೆ. ರಕ್ತದ ಲವಣಗಳನ್ನು ಹೋಲುವ ಕ್ರೆಬ್ಸ್ ದ್ರಾವಣ, 37 ಡಿಗ್ರಿ, ಶೇ. 95 ಆಮ್ಲಜನಕ ಮತ್ತು ಶೇ. 5 ಇಂಗಾಲದ ಡೈಆಕ್ಸೈಡ್, ಪಿಎಚ್ 7.4. ದ್ರಾವಣ ಹಾಲಿನಂತೆ ಮಸುಕಾದರೆ ಕ್ಯಾಲ್ಸಿಯಂ ಕೆಳಗೆ ಕೂತಿದೆ. ಬೈಕಾರ್ಬೊನೇಟ್ ಹಾಕಿ ಅನಿಲ ಹಾಯಿಸುವ ಮೊದಲೇ ಕ್ಯಾಲ್ಸಿಯಂ ಕ್ಲೋರೈಡ್ ಸುರಿದಿರುತ್ತೀರಿ. ಚೆಲ್ಲಿ ಮತ್ತೆ ಮಾಡಿ, ಉಳಿಸಿಕೊಳ್ಳಲು ನೋಡಬೇಡಿ. ಗದಗ ಕಡೆಯ ಬೋರ್‌ವೆಲ್ ನೀರು ಗಡಸು, ಡಿಸ್ಟಿಲೇಷನ್ ಗಾಜಿನ ಒಳಗೆ ಬೇಗ ಬಿಳಿ ಪದರ ಕಟ್ಟುತ್ತದೆ. ಅಲ್ಲಿಯ ಗೆಳೆಯರೊಬ್ಬರ ರಿಂಗ್‌ಗಳು ತಿಂಗಳಾನುಗಟ್ಟಲೆ ಅರ್ಧ ಹಿಡಿದು ಅರ್ಧ ಬಿಡುತ್ತಿದ್ದವು. ನೀರು ಬದಲಿಸಿದ ದಿನವೇ ರಿಂಗ್‌ಗಳು ದಾರಿಗೆ ಬಂದವು.

ಒಳಪದರದ ಮಾತು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ರಾಬರ್ಟ್ ಫರ್ಚ್‌ಗಾಟ್ ವರ್ಷಾನುಗಟ್ಟಲೆ ಮೊಲದ ಮಹಾಪಧಮನಿಯನ್ನು ಪಟ್ಟಿಯಾಗಿ ಕತ್ತರಿಸಿ ಅಸಿಟೈಲ್‌ಕೋಲಿನ್ ಎಂಬ ನರಸಂದೇಶದ ವಸ್ತು ಕೊಡುತ್ತಿದ್ದರು, ನಾಳ ಹಿಡಿಯುತ್ತಿತ್ತು. ಜೀವಂತ ಪ್ರಾಣಿಯಲ್ಲಿ ಅದೇ ವಸ್ತು ನಾಳವನ್ನು ಬಿಡಿಸುತ್ತದೆ. ಈ ಒಗಟು ಬಿಡಿಸಿದ್ದು ಒಂದು ಎಡವಟ್ಟು. 1978ರಲ್ಲಿ ಅವರ ತಂತ್ರಜ್ಞರೊಬ್ಬರು ಮಧ್ಯೆ ತೊಳೆಯುವುದನ್ನು ಮರೆತು, ಆಗಲೇ ಹಿಡಿದಿದ್ದ ರಿಂಗ್‌ಗೆ ಅಸಿಟೈಲ್‌ಕೋಲಿನ್‌ನಂತೆಯೇ ಕೆಲಸ ಮಾಡುವ ಕಾರ್ಬಕಾಲ್ ಹಾಕಿದರು. ರಿಂಗ್ ಬಿಟ್ಟಿತು. ಹುಡುಕುತ್ತ ಹೋದಾಗ ತಿಳಿದದ್ದು: ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿ ಒಳಪದರವೇ ಕಿತ್ತುಹೋಗುತ್ತಿತ್ತು, ರಿಂಗ್‌ನಲ್ಲಿ ಅದು ಉಳಿದಿತ್ತು. ಅವರು ಮತ್ತು ಝವಾಡ್ಸ್ಕಿ 1980ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಪಾಲಿಗೆ ಇದರ ಅರ್ಥ ಇಷ್ಟೇ: ರಿಂಗ್ ಒಳಗೆ ಕೊಕ್ಕೆ ತೂರಿಸುವಾಗ ಉಗುರಿನಷ್ಟು ಒರಟುತನ ಸಾಕು, ಒಳಪದರ ಹೋಯಿತು. ಆಮೇಲೆ ಯಾವ ಹುಳುವಿನ ಮೇಲೆ ದೂರು ಹೇಳುವಿರಿ?

ಅದಕ್ಕೆ ರಸ ಹಾಕುವ ಮೊದಲೇ ಮೂರು ಪ್ರಶ್ನೆ. ಪೊಟ್ಯಾಸಿಯಂಗೆ ಹಿಡಿಯುತ್ತದೆಯೇ? ಸ್ನಾಯು ಬದುಕಿದೆ. ಅಸಿಟೈಲ್‌ಕೋಲಿನ್‌ಗೆ ಬಿಡುತ್ತದೆಯೇ? ಒಳಪದರ ಬದುಕಿದೆ, ನೈಟ್ರಿಕ್ ಆಕ್ಸೈಡ್ ತಯಾರಿಸುತ್ತಿದೆ. ನೈಟ್ರಿಕ್ ಆಕ್ಸೈಡ್ ಕೊಡುವ ಸೋಡಿಯಂ ನೈಟ್ರೋಪ್ರಸೈಡ್‌ಗೆ ಬಿಡುತ್ತದೆಯೇ? ಒಳಪದರ ಇರಲಿ ಬಿಡಲಿ, ನೈಟ್ರಿಕ್ ಆಕ್ಸೈಡ್ ಹೊರಗಿಂದ ಬಂದರೆ ಸ್ನಾಯುವಿಗೆ ಕಿವಿ ಕೇಳಿಸುತ್ತದೆ. ಮುಂದಿನ ಎಲ್ಲ ಪತ್ತೇದಾರಿಕೆಯೂ ಈ ಮೂರು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ. ನಮ್ಮ ಕಟ್ಟಳೆ ಹೀಗಿತ್ತು: ಅಸಿಟೈಲ್‌ಕೋಲಿನ್‌ಗೆ ಶೇ. 60ಕ್ಕಿಂತ ಕಡಿಮೆ ಬಿಟ್ಟ ರಿಂಗ್ ಕಸದ ಬುಟ್ಟಿಗೆ. "ಇತ್ತು" ಎಂದೆ, ಗಮನಿಸಿ.

ರಸ ಹಾಕಿದ ಕೂಡಲೇ ಬಿಟ್ಟರೆ

ಅಜೈಡಿನ ಕಥೆ ಆಯಿತು. ಕಂಟ್ರೋಲ್ ಎಂದು ನಾವು ಬರೀ ಬಫರ್ ಹಾಕುತ್ತಿದ್ದೆವು, ಅಜೈಡ್ ಬೆರೆತ ಬಫರ್ ಹಾಕಿರಲಿಲ್ಲ. ಹುಳು ಒಂದನ್ನು ಬಿಟ್ಟು ಉಳಿದದ್ದೆಲ್ಲ ಇದ್ದರೇ ಅದು ಕಂಟ್ರೋಲ್. ಉಗುಳಿನ ಪ್ರಯೋಗವಾದರೆ ಪೋಷಕ ದ್ರವವನ್ನು ಹುಳುವಿಲ್ಲದೆ ಅಷ್ಟೇ ತಾಸು, ಅದೇ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿರಬೇಕು. ಏನನ್ನಾದರೂ ಕರಗಿಸಲು ಡಿಎಂಎಸ್‌ಒ, ಆಲ್ಕೋಹಾಲ್ ಬಳಸಿದ್ದರೆ ಅವೂ ಅಷ್ಟೇ ಪ್ರಮಾಣದಲ್ಲಿರಲಿ.

ಮುಂದಿನ ಶಂಕಿತ ಪೊಟ್ಯಾಸಿಯಂ. ಇವನು ಅರೆದ ರಸದಲ್ಲಿ ಮಾತ್ರ ಇರುತ್ತಾನೆ. ಜೀವಕೋಶದ ಒಳಗಿನ ಪೊಟ್ಯಾಸಿಯಂ ಎಲ್ಲ ಅರೆದಾಗ ಹೊರಬರುತ್ತದೆ. ರಸದಲ್ಲಿ 60 ಮಿಲಿಮೋಲಾರ್ ಇದೆ ಎಂದುಕೊಳ್ಳಿ. ಕ್ರೆಬ್ಸ್‌ನಲ್ಲಿ ಒಟ್ಟು 5.9 ಇರುತ್ತದೆ. 10 ಮಿಲೀ ಬಾತ್‌ಗೆ 1 ಮಿಲೀ ಸುರಿದರೆ ಅದು 10.8ಕ್ಕೆ ಏರುತ್ತದೆ. ಸಣ್ಣ ಅಪಧಮನಿಗಳಿಗೆ ಈ ಮಟ್ಟದ ಏರಿಕೆ ಹಿಡಿಸುವುದಿಲ್ಲ, ಬಿಡಿಸುತ್ತದೆ. ಇದೇ ಪೊಟ್ಯಾಸಿಯಂ ಇನ್ನೂ ಮೇಲೇರಿದರೆ ಹಿಡಿಸುತ್ತದೆ. ಹೀಗಾಗಿ ಡೋಸ್ ಏರಿಸುತ್ತ ಹೋದಾಗ ಮೊದಲು ಬಿಟ್ಟು ಆಮೇಲೆ ಹಿಡಿದರೆ "ಎರಡು ಘಟಕಗಳಿವೆ" ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬೇಡಿ. ಫ್ಲೇಮ್ ಫೋಟೋಮೀಟರ್‌ನಲ್ಲಿ ರಸ ಅಳೆಯಿರಿ, ಅಷ್ಟೇ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ನೋಡಿ. ಹಾಕುವ ಪ್ರಮಾಣ ಬಾತ್‌ನ ನೂರಕ್ಕೆ ಎರಡು ಪಾಲು ಮೀರದಿದ್ದರೆ ಈ ತಂಟೆಯೇ ಇರದು.

ಉಗುಳಿದ ರಸದಲ್ಲಿ ತಂಟೆ ಹುಳಿಯದು. ಕರುಳಿನ ಹುಳುಗಳು ಸಕ್ಕರೆಯನ್ನು ಪೂರ್ತಿ ಉರಿಸುವುದಿಲ್ಲ. ಅಸಿಟೇಟ್, ಪ್ರೊಪಿಯೊನೇಟ್, ಲ್ಯಾಕ್ಟೇಟ್ ಮುಂತಾದ ಆಮ್ಲಗಳನ್ನು ಹೊರಗೆ ಸುರಿಯುತ್ತವೆ. ಕೆಂಪು ಪೋಷಕ ದ್ರವ ರಾತ್ರಿ ಕಳೆದು ಮುಂಜಾನೆ ಹಳದಿಯಾಗಿದ್ದರೆ ಅದೇ ಸುಳಿವು. ಪಿಎಚ್ ಇಳಿದರೆ ನಾಳ ಬಿಡುತ್ತದೆ. ರಸದ ಪಿಎಚ್ ಸರಿಪಡಿಸಿ ಮತ್ತೆ ಹಾಕಿ ನೋಡಿ.

ಇವರೆಲ್ಲ ಪಾರಾದ ಮೇಲೂ ರಿಂಗ್ ಬಿಡುತ್ತಿದ್ದರೆ ಆಗ ಪ್ರೋಸ್ಟಾಗ್ಲಾಂಡಿನ್ ವಿಚಾರ. ಇಲ್ಲಿ ಸಾಮಾನ್ಯವಾಗಿ ಬಾತ್‌ಗೆ ಇಂಡೊಮೆಥಸಿನ್ ಹಾಕುತ್ತಾರೆ, ಸಡಿಲಿಕೆ ಉಳಿಯಿತೆಂದರೆ "ಪ್ರೋಸ್ಟಾಗ್ಲಾಂಡಿನ್ ಅಲ್ಲ" ಎನ್ನುತ್ತಾರೆ. ಇದು ಅರ್ಧ ಸತ್ಯ. ಬಾತ್‌ನಲ್ಲಿರುವ ಇಂಡೊಮೆಥಸಿನ್ ನಾಳ ತಯಾರಿಸುವ ಪ್ರೋಸ್ಟಾಗ್ಲಾಂಡಿನ್ ನಿಲ್ಲಿಸೀತು. ಹುಳು ಆಗಲೇ ತಯಾರಿಸಿ ರಸದಲ್ಲಿ ಇಟ್ಟದ್ದನ್ನು ಅದು ಏನು ಮಾಡೀತು? ಅಡುಗೆ ಆದ ಮೇಲೆ ಒಲೆ ಆರಿಸಿದ ಹಾಗೆ. ಹುಳುವಿನ ಕೈವಾಡ ನೋಡಬೇಕಾದರೆ ಹುಳು ಉಗುಳುವಾಗಲೇ, ಅದರ ಪೋಷಕ ದ್ರವದಲ್ಲೇ, ತಡೆವಸ್ತು ಇರಬೇಕು. ಇನ್ನೊಂದು ಮಾತು: ಪ್ರೋಸ್ಟಾಸೈಕ್ಲಿನ್‌ಗೆ ದೇಹದ ಉಷ್ಣತೆಯಲ್ಲಿ ಆಯಸ್ಸು ಕೆಲವೇ ನಿಮಿಷ. ನಿನ್ನೆ ಹಿಡಿದಿಟ್ಟ ರಸದಲ್ಲಿ ಅದನ್ನು ಹುಡುಕುವುದು ಹೋದ ಬಸ್ಸಿಗೆ ಕೈ ಮಾಡಿದಂತೆ.

ಕುದಿಸುವ ಪರೀಕ್ಷೆಯ ಬಗ್ಗೆ ಎಚ್ಚರ. 10 ನಿಮಿಷ ಕುದಿಸಿದ ಮೇಲೂ ಕೆಲಸ ಮಾಡಿದರೆ ಪ್ರೋಟೀನ್ ಅಲ್ಲ, ಸಣ್ಣ ಅಣು ಎಂದು ಹುರುಪಾಗುತ್ತದೆ. ಪೊಟ್ಯಾಸಿಯಂ ಕುದಿದರೂ ಪೊಟ್ಯಾಸಿಯಮ್ಮೇ. ನಮ್ಮ ಅಜೈಡ್ ಕೂಡ ಕುದಿಸುವ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿತ್ತು!

ಅಸಿಟೈಲ್‌ಕೋಲಿನ್‌ಗೆ ಬಿಡದಿದ್ದರೆ

ಇದು ಎದುರು ಬಗೆಯ ದೋಷ, ಹೆಚ್ಚು ಸ್ವಾರಸ್ಯದ್ದು. ರಸ ಹಾಕುವ ಮೊದಲು ಚೆನ್ನಾಗಿ ಬಿಡುತ್ತಿದ್ದ ರಿಂಗ್, ರಸದ ಜೊತೆ ಇಟ್ಟ ಮೇಲೆ ಅಸಿಟೈಲ್‌ಕೋಲಿನ್‌ಗೆ ಜಗ್ಗುವುದಿಲ್ಲ. "ಹುಳು ಒಳಪದರ ಕೆಡಿಸಿತು" ಎಂದು ಯಾರಾದರೂ ಹೇಳಿಯಾರು. ಆದರೆ ಇಲ್ಲಿ ಇಬ್ಬರು ಬಹುರೂಪಿಗಳಿದ್ದಾರೆ.

ಮೊದಲನೆಯವನು ಅಸಿಟೈಲ್‌ಕೋಲಿನೆಸ್ಟರೇಸ್. ಅನೇಕ ದುಂಡುಹುಳುಗಳು ಈ ಕಿಣ್ವವನ್ನು ಹೊರಗೆ ಉಗುಳುತ್ತವೆ. ಇಲಿಯ ಕರುಳಿನ ನಿಪ್ಪೋಸ್ಟ್ರಾಂಜಿಲಸ್, ಕುರಿಯ ಕರುಳಿನ ಟ್ರೈಕೋಸ್ಟ್ರಾಂಜಿಲಸ್ ಇದಕ್ಕೆ ಹೆಸರಾದವು. ನೀವು ಬಾತ್‌ಗೆ ಹಾಕಿದ ಅಸಿಟೈಲ್‌ಕೋಲಿನ್ ನಾಳ ಮುಟ್ಟುವ ಮೊದಲೇ ದಾರಿಯಲ್ಲಿ ಕಿಣ್ವ ಅದನ್ನು ತುಂಡು ಮಾಡುತ್ತದೆ. ನಾಳಕ್ಕೆ ಏನೂ ಆಗಿಲ್ಲ. ಪತ್ರ ಬರಲಿಲ್ಲವೆಂದು ಮನೆಯವರ ಮೇಲೆ ಸಿಟ್ಟಾದ ಹಾಗಾಯಿತು ನಮ್ಮ ಪಾಡು, ಅಂಚೆಯಲ್ಲೇ ಹರಿದದ್ದು ಗೊತ್ತಿಲ್ಲದೆ.

ಪತ್ತೆ ಸುಲಭ. ಅಸಿಟೈಲ್‌ಕೋಲಿನ್ ಬದಲು ಕಾರ್ಬಕಾಲ್ ಹಾಕಿ. ಈ ಕಿಣ್ವಕ್ಕೆ ಅದನ್ನು ತುಂಡರಿಸಲು ಬರುವುದಿಲ್ಲ. ಕಾರ್ಬಕಾಲ್‌ಗೆ ಬಿಟ್ಟು ಅಸಿಟೈಲ್‌ಕೋಲಿನ್‌ಗೆ ಬಿಡದಿದ್ದರೆ ಒಳಪದರ ಗಟ್ಟಿಯಾಗಿದೆ. ಅಥವಾ ಬಾತ್ ಮೂರು ಸಲ ತೊಳೆದು 15 ನಿಮಿಷ ಬಿಟ್ಟು ಮತ್ತೆ ಅಸಿಟೈಲ್‌ಕೋಲಿನ್ ಕೊಡಿ. ಕಿಣ್ವ ನೀರಿನ ಜೊತೆ ಹೋಗಿದ್ದರೆ ರಿಂಗ್ ಮೊದಲಿನಂತಾಗುತ್ತದೆ. ಖಾತ್ರಿಗೆ ಎಲ್ಮನ್ ಪರೀಕ್ಷೆ ಇದೆ: ರಸದಲ್ಲಿ ಕಿಣ್ವ ಇದ್ದರೆ ಹಳದಿ ಬಣ್ಣ ಏಳುತ್ತದೆ, 412 ನ್ಯಾನೋಮೀಟರ್‌ನಲ್ಲಿ ಓದಿ. ನಮ್ಮ ಬಿ.ಎಸ್‌ಸಿ. ಮಕ್ಕಳೂ ಮಾಡುವಂಥದು.

ಎರಡನೆಯವನು ಹಿಮೋಗ್ಲೋಬಿನ್. ಇವನು ನಮ್ಮ ಹಿಮಾಂಕಸ್ ಕಂಟಾರ್ಟಸ್ ರಸದಲ್ಲಿ ಹೊಟ್ಟೆ ತುಂಬ ಇರುತ್ತಾನೆ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಇರುವ, ಹೆಣ್ಣು ಹುಳುವಿನಲ್ಲಿ ಕೆಂಪು ಬಿಳಿ ನೂಲು ಹೊಸೆದಂತೆ ಕಾಣುವ ಈ ಹುಳು ಒಂದೊಂದೂ ದಿನಕ್ಕೆ ಸುಮಾರು 0.05 ಮಿಲೀ ರಕ್ತ ನಷ್ಟ ಮಾಡುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲೀ. ಅದನ್ನು ಅರೆದರೆ ಬರುವುದು ಹುಳುವಿನ ರಸ ಎಷ್ಟೋ, ಕುರಿಯ ರಕ್ತ ಎಷ್ಟೋ. ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ಗಬಕ್ಕನೆ ನುಂಗುತ್ತದೆ. ಒಳಪದರ ಪಾಪ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತಲೇ ಇರುತ್ತದೆ, ಅದು ಸ್ನಾಯುವಿಗೆ ತಲುಪುವುದಿಲ್ಲ.

ಬೇರ್ಪಡಿಸುವುದು ಹೇಗೆ? ಇಲ್ಲಿ ಕಾರ್ಬಕಾಲ್‌ಗೂ ರಿಂಗ್ ಬಿಡುವುದಿಲ್ಲ, ಹಾಗಾಗಿ ಕಿಣ್ವದ ಕಥೆ ಅಲ್ಲ. ಆದರೆ ನೈಟ್ರೋಪ್ರಸೈಡ್‌ನ ಕೆಲಸವೂ ಮಂಕಾಗುತ್ತದೆ, ಏಕೆಂದರೆ ಅದು ಕೊಡುವುದೂ ನೈಟ್ರಿಕ್ ಆಕ್ಸೈಡೇ. ಒಳಪದರ ಮಾತ್ರ ಸತ್ತಿದ್ದರೆ ನೈಟ್ರೋಪ್ರಸೈಡ್‌ಗೆ ರಿಂಗ್ ಚೆನ್ನಾಗಿಯೇ ಬಿಡಬೇಕಿತ್ತು. ತೊಳೆದ ಮೇಲೆ ಸರಿಹೋದರೆ ಶಂಕೆ ಗಟ್ಟಿ. ರಸವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಇಟ್ಟರೆ 415ರ ಹತ್ತಿರ ದೊಡ್ಡ ಗೋಪುರ ಏಳುತ್ತದೆ. ನಿಜ ಹೇಳಬೇಕೆಂದರೆ ಬಾಟಲಿಯ ಬಣ್ಣ ನೋಡಿದರೇ ಸಾಕಿತ್ತು. ನಮ್ಮದು ದಾಳಿಂಬೆ ರಸದಂತಿತ್ತು, ಆದರೂ ನಮಗೆ ಹೊಳೆಯಲಿಲ್ಲ.

ಆದರೆ ಹಿಮೋಗ್ಲೋಬಿನ್ ಸಿಕ್ಕ ಕೂಡಲೇ "ಅಯ್ಯೋ, ಬರೀ ರಕ್ತ" ಎಂದು ಎಸೆಯುವ ಮೊದಲು ಹುಳು ಯಾವುದು ನೋಡಿ. ಅಸ್ಕಾರಿಸ್ ಹುಳುವಿಗೆ ತನ್ನದೇ ಹಿಮೋಗ್ಲೋಬಿನ್ ಇದೆ, ಮನುಷ್ಯರದಕ್ಕಿಂತ ಸುಮಾರು 25,000 ಪಟ್ಟು ಬಿಗಿಯಾಗಿ ಆಮ್ಲಜನಕ ಹಿಡಿಯುವಂಥದು. ಅದು ನೈಟ್ರಿಕ್ ಆಕ್ಸೈಡ್ ಬಳಸಿಕೊಂಡು ಆಮ್ಲಜನಕವನ್ನೇ ತೆಗೆದುಹಾಕುವ ಕಿಣ್ವದಂತೆ ಕೆಲಸ ಮಾಡುತ್ತದೆಂದು 1999ರಲ್ಲಿ ವರದಿಯಾಗಿದೆ. ಅಲ್ಲಿ ಹಿಮೋಗ್ಲೋಬಿನ್ ಕಸವಲ್ಲ, ವಿಷಯವೇ ಅದು. ಒಂದು ಹುಳುವಿನಲ್ಲಿ ಕಳ್ಳನಾದವನು ಇನ್ನೊಂದರಲ್ಲಿ ಯಜಮಾನ. ಯಂತ್ರದ ಕೈಪಿಡಿಯಲ್ಲಿ ಇಂಥ ಫಜೀತಿ ಇರುವುದಿಲ್ಲ.

ನಾವು ರಕ್ತ ಕುಡಿಯದ ಹುಳು ಬೇಕೆಂದು ಎಮ್ಮೆಯ ಹೊಟ್ಟೆಯೊಳಗೆ, ಕರುಳಿನ ಹೊರಗೆ ಸಿಗುವ ಬಿಳಿಯ ಸೆಟೇರಿಯಾಕ್ಕೆ ಹೋದೆವು. ಉದ್ದ ದಾರದಂಥ ಹುಳು, ಕೈಗೆ ಸಿಗುತ್ತದೆ, ಬೆಚ್ಚಗಿನ ಸಲೈನ್‌ನಲ್ಲಿ ಸುರುಳಿ ಸುತ್ತುತ್ತ ಬದುಕುತ್ತದೆ. ಸುರುಳಿ ನಿಂತ ಹುಳುವಿನ ರಸ ಉಗುಳಲ್ಲ, ಹೆಣದ ನೀರು. ಅದನ್ನು ಎತ್ತಿ ಬಿಸಾಡಿ, ಜೊತೆಗೆ ಆ ದ್ರವವನ್ನೂ.

ಕಾರ್ಬಕಾಲ್‌ಗೆ ಬಿಡದೆ, ನೈಟ್ರೋಪ್ರಸೈಡ್‌ಗೆ ಪೂರ್ತಿ ಬಿಟ್ಟು, ತೊಳೆದರೂ ಸರಿಹೋಗದಿದ್ದರೆ ಆಗ ನಿಜಕ್ಕೂ ಒಳಪದರಕ್ಕೆ ಪೆಟ್ಟಾಗಿದೆ. ಅದೂ ಹುಳುವಿನ ಪ್ರೋಟೀನ್ ಕರಗಿಸುವ ಕಿಣ್ವದ ಒರಟು ಕೆಲಸವಾಗಿರಬಹುದು. ಕುದಿಸಿದರೆ ಕಿಣ್ವ ಕೆಡುತ್ತದೆ, ಹಾಗಾಗಿ ಕುದಿಸಿದ ರಸ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮಧ್ಯಾಹ್ನದ ಮೇಲೆ ಸೋತರೆ

ಮುಂಜಾನೆ ರಸ ಹಾಕಿದ ರಿಂಗ್ ಊಟದ ಹೊತ್ತಿಗೆ ಸರಿಯಾಗಿತ್ತು, ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಫಿನೈಲೆಫ್ರಿನ್‌ಗೆ ಅರ್ಧ ಮಾತ್ರ ಹಿಡಿಯುತ್ತಿದೆ. ಹೀಗೆ ತಾಸುಗಟ್ಟಲೆ ತಡವಾಗಿ ಬರುವ ಸೋಲು ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್ ವಾಸನೆ ಹೊಡೆಯುತ್ತದೆ. ಹುಳು ಬಂದದ್ದು ಹೊಟ್ಟೆ ಕರುಳಿನಿಂದ. ಎಷ್ಟು ತೊಳೆದರೂ ಅದರ ಮೈಮೇಲೆ ಬ್ಯಾಕ್ಟೀರಿಯಾ ಇರುತ್ತದೆ. ಎಂಡೋಟಾಕ್ಸಿನ್ ನಾಳದ ಸ್ನಾಯುವಿನಲ್ಲೇ ಹೊಸದಾಗಿ ನೈಟ್ರಿಕ್ ಆಕ್ಸೈಡ್ ಕಾರ್ಖಾನೆ ಕಟ್ಟಿಸುತ್ತದೆ, ಕಟ್ಟಲು ಕೆಲವು ತಾಸು ಬೇಕು. ಇದೂ ಕುದಿಸಿದರೆ ಸಾಯದ ಪ್ರಾಣಿ.

ರಸಕ್ಕೆ ಪಾಲಿಮಿಕ್ಸಿನ್ ಬಿ ಬೆರೆಸಿ ಹಾಕಿ; ಅದು ಎಂಡೋಟಾಕ್ಸಿನನ್ನು ಕಟ್ಟಿಹಾಕುತ್ತದೆ. ಆ ಕಾರ್ಖಾನೆ ಕಟ್ಟದಂತೆ ತಡೆಯುವ ಡೆಕ್ಸಾಮೆಥಸೋನ್ ಮೊದಲೇ ಇಟ್ಟರೆ ಸೋಲು ತಪ್ಪುತ್ತದೆ, ಸೋತ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಸೋತ ರಿಂಗ್ ನೈಟ್ರಿಕ್ ಆಕ್ಸೈಡ್ ತಯಾರಿಕೆ ತಡೆಯುವ ಎಲ್-ನೇಮ್‌ಗೆ ಚೇತರಿಸಿಕೊಂಡರೆ ರೋಗ ಪತ್ತೆಯಾದ ಹಾಗೆ. ರಸ ಹಾಕದ ರಿಂಗ್ ಕೂಡ ಅದೇ ಹೊತ್ತಿಗೆ ಸೋತಿದ್ದರೆ ಕ್ರೆಬ್ಸ್ ನೋಡಿ, ಸಿಲಿಂಡರ್ ನೋಡಿ, ಮಧ್ಯಾಹ್ನ ಕರೆಂಟ್ ಹೋಗಿ ವಾಟರ್ ಬಾತ್ ತಣ್ಣಗಾಯಿತೇ ಕೇಳಿ. ನಮ್ಮ ಅಟೆಂಡರ್ ಕಾಕಾ ಇಂಥದ್ದನ್ನು ಗೋಡೆ ಕ್ಯಾಲೆಂಡರಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಇಟ್ಟಿರುತ್ತಾರೆ, ನಾವು ಯಾರೂ ಕೇಳಿರುವುದಿಲ್ಲ.

ಕಂಟ್ರೋಲ್ ಕುರಿ

ಈಗ ಕಸದ ಬುಟ್ಟಿಯ ಮಾತು. ಶೇ. 60 ಬಿಡದ ರಿಂಗ್‌ಗಳನ್ನು ನಾವು ಎಸೆಯುತ್ತಿದ್ದೆವು ಎಂದೆನಲ್ಲ. ಪ್ರತಿ ಸಲ ದೋಷ ಕೈಗಳ ಮೇಲೆ. "ಕೊಕ್ಕೆ ಹಗುರಕ್ಕ ಹಾಕು ತಂಗಿ" ಎಂದು ಆ ಹುಡುಗಿಗೆ ಎಷ್ಟು ಸಲ ಹೇಳಿದೆನೋ. ಅವಳು ಒಂದು ದಿನ ತಾಳ್ಮೆಗೆಟ್ಟು ಎಸೆದ ರಿಂಗ್‌ಗಳ ಪಟ್ಟಿ ತಂದು ಮುಂದೆ ಇಟ್ಟಳು. "ಸರ್, ನನ್ನ ಕೈ ಕೆಟ್ಟದ್ದಾದ್ರ ಎಲ್ಲಾ ದಿನಾ ಕೆಡಬೇಕಲ್ರೀ? ಒಂದ ಕುರಿದು ನಾಕೂ ರಿಂಗ್ ಕೆಡ್ತಾವ, ಮರುದಿನದ ಕುರಿದು ನಾಕೂ ಛಲೋ ಇರ್ತಾವ."

ಅವಳ ಮಾತು ಸರಿ. ಕೈ ಒರಟಾದರೆ ನಾಲ್ಕರಲ್ಲಿ ಒಂದೋ ಎರಡೋ ಕೆಡಬೇಕು. ನಾಲ್ಕೂ ಒಟ್ಟಿಗೆ ಕೆಟ್ಟರೆ ದೋಷ ಕುರಿಯಲ್ಲಿ.

ನಮ್ಮ ಅಪಧಮನಿ ಬರುವುದು ಹುಬ್ಬಳ್ಳಿಯ ಮಟನ್ ಅಂಗಡಿಯೊಂದರಿಂದ. ನಸುಕಿನಲ್ಲಿ ಕೊಯ್ದ ಕೂಡಲೇ ಚಾಚಾ ಕರುಳಿನ ಮಡಿಕೆಯನ್ನು ತೆಗೆದು ತಣ್ಣನೆ ಕ್ರೆಬ್ಸ್ ತುಂಬಿದ ಫ್ಲಾಸ್ಕಿಗೆ ಹಾಕುತ್ತಾರೆ, ನಾವು ಅದನ್ನು ಮಡಿಲಲ್ಲಿಟ್ಟುಕೊಂಡು ಚಿಗರಿ ಬಸ್ ಹತ್ತುತ್ತೇವೆ. ಪಕ್ಕದಲ್ಲಿ ಕೂತವರು ಚಹಾ ಎಂದುಕೊಂಡಿರುತ್ತಾರೆ. ಕುರಿಗಳು ಹಾವೇರಿ, ರಾಣೆಬೆನ್ನೂರು ಕಡೆಯ ಹಿಂಡುಗಳವು, ಮಳೆ ಬಿದ್ದ ಮೇಲೆ ಹಸಿ ಹುಲ್ಲುಗಾವಲಲ್ಲಿ ಮೇಯ್ದವು. ಹುಲ್ಲಿನ ತುದಿಗೆ ಹತ್ತಿದ ಮರಿಹುಳು ಹೊಟ್ಟೆಗೆ ಹೋಗುವುದೇ ಆಗ. ಅಂದರೆ "ಹುಳುವಿನ ರಸ ಕಾಣದ ನಾಳ" ಎಂದು ನಾವು ನಂಬಿದ ಕಂಟ್ರೋಲ್ ರಿಂಗ್, ಹುಳುವಿನ ರಸದಲ್ಲಿ ತಿಂಗಳುಗಟ್ಟಲೆ ನೆನೆದ ಮೈಯಿಂದ ಬಂದದ್ದು. ನಾಯಿಯ ತೊಡೆಯ ಅಪಧಮನಿ ನೆನಪಾಯಿತೇ?

ಕೆಟ್ಟ ರಿಂಗ್ ಎಸೆದಾಗ ನಾವು ಎಸೆದದ್ದು ಬಹುಶಃ ನಾವು ಹುಡುಕುತ್ತಿದ್ದ ಉತ್ತರವನ್ನೇ. "ಬಹುಶಃ" ಎನ್ನಲು ಕಾರಣವಿದೆ. ಹಿಮಾಂಕಸ್ ತುಂಬಿದ ಕುರಿಯಲ್ಲಿ ರಕ್ತಹೀನತೆ ಇರುತ್ತದೆ, ಅದೊಂದೇ ಸಾಕು ನಾಳದ ವರ್ತನೆ ಬದಲಿಸಲು. ರಸದ ಕೆಲಸ ಯಾವುದು, ಬಡಕಲುತನದ ಕೆಲಸ ಯಾವುದು ಎಂಬುದನ್ನು ಬರೀ ರಿಂಗ್ ಹೇಳಲಾರದು. ಹುಳುವಿನ ಔಷಧ ಕೊಟ್ಟು ಕೆಲವು ವಾರ ಕಟ್ಟಿ ಮೇಯಿಸಿದ ಕುರಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಮಾತ್ರ ಮುಂದೆ ಹೋಗಬಹುದು.

ಎಮ್ಮೆಯ ಮಹಾಪಧಮನಿ ಬಳಸುವವರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು. ನಮ್ಮ ದೇಶದ ದನ, ಎಮ್ಮೆಗಳಲ್ಲಿ ಆಂಕೋಸರ್ಕಾ ಆರ್ಮಿಲ್ಲಾಟಾ ಎಂಬ ಹುಳು ಮಹಾಪಧಮನಿಯ ಗೋಡೆಯೊಳಗೇ ಸುರಂಗ ಕೊರೆದು ಬದುಕುತ್ತದೆ. ನಾಳ ಸೀಳಿ ಬೆಳಕಿಗೆ ಹಿಡಿದು ಒಳಮೈ ಮೇಲೆ ಬೆರಳಾಡಿಸಿ; ಗಂಟು, ಏರುತಗ್ಗು ಕಂಡರೆ ಆ ನಾಳ ರಿಂಗ್ ಆಗಲು ಯೋಗ್ಯವಲ್ಲ. ಕುರಿಯಲ್ಲಿಯೂ ಕರುಳಿನ ಅಭಿಧಮನಿಗಳನ್ನು ಬೆಳಕಿಗೆ ಹಿಡಿಯಿರಿ. ಶಿಸ್ಟೋಸೋಮಾ ಜಾತಿಯ ರಕ್ತಹುಳುಗಳು ಜೋಡಿಜೋಡಿಯಾಗಿ ಸಣ್ಣ ನೂಲಿನಂತೆ ಒಳಗೆ ಕಾಣುವುದುಂಟು.

ಈಗ ಫ್ಲಾಸ್ಕಿನ ಜೊತೆ ಒಂದು ಡಬ್ಬಿಯೂ ಬರುತ್ತದೆ. ಅದರಲ್ಲಿ ಅದೇ ಕುರಿಯ ನಾಲ್ಕನೆಯ ಹೊಟ್ಟೆ, ಬಾಯಿ ಎರಡೂ ಕಡೆ ದಾರದಿಂದ ಕಟ್ಟಿದ್ದು, ಜೊತೆಗೆ ಚಿಟಿಕೆ ಹಿಕ್ಕೆ. ಹೊಟ್ಟೆ ಸೀಳಿ ಬಿಳಿ ಬೋಗುಣಿಯಲ್ಲಿ ತೊಳೆದು ಹುಳು ಎಣಿಸುತ್ತೇವೆ, ಹಿಕ್ಕೆಯಲ್ಲಿ ಮೊಟ್ಟೆ ಎಣಿಸುತ್ತೇವೆ, ಆಮೇಲೆ ರಿಂಗ್‌ನ ಅಸಿಟೈಲ್‌ಕೋಲಿನ್ ಅಂಕಿಯ ಪಕ್ಕದಲ್ಲಿ ಬರೆಯುತ್ತೇವೆ. ಶೇ. 60 ಬಿಡದ ರಿಂಗ್ ಈಗ ಬುಟ್ಟಿಗೆ ಹೋಗುವುದಿಲ್ಲ, ಅದಕ್ಕೆ ಬೇರೆ ಪುಟ. ಒಂದು ಕುರಿಯ ನಾಲ್ಕು ರಿಂಗ್ ನಾಲ್ಕು ಪ್ರಯೋಗವಲ್ಲ, ಒಂದೇ. ಪಟ್ಟಿಯಲ್ಲಿ ಹಾಗೇ ಲೆಕ್ಕ. ಮತ್ತು ಅಜೈಡ್ ಬಾಟಲಿ ಬೀಗ ಹಾಕಿದ ಕಪಾಟಿನಲ್ಲಿದೆ, ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಲೋಹದ ಪೈಪಿನಲ್ಲಿ ಕೂತು ಸಿಡಿಯುವ ಸಂಯುಕ್ತವಾಗುತ್ತದೆ.

ಚಾಚಾಗೆ ಈ ಹೊಟ್ಟೆ ಯಾಕೆ ಬೇಕೆಂದು ಮೊದಲು ಅರ್ಥವಾಗಿರಲಿಲ್ಲ. ಒಮ್ಮೆ ಬೋಗುಣಿ ತೋರಿಸಿದೆ. ಮೊನ್ನೆ ನಸುಕಿನಲ್ಲೇ ಅವರ ಫೋನು: "ಸರ್, ಇವತ್ತಿನ ಕುರಿ ಕಣ್ಣಿನ ರೆಪ್ಪಿ ಒಳಗ ಬೆಳ್ಳಗ ಸುಣ್ಣಾ ಆಗೇದ. ಇದು ನಿಮಗ ಬೇಕೋ, ಬ್ಯಾಡೋ?" ಬೇಕು ಎಂದೆ, ಕೆಂಪು ರೆಪ್ಪೆಯದೂ ಒಂದು ಬೇಕು, ಬೇರೆ ಫ್ಲಾಸ್ಕಿನಲ್ಲಿ, ಹೆಸರು ಬರೆದು.